ರೇವತಿಗೆ ರಸ್ತೆ ದಾಟಲು ಕಲಿಸಿದ್ದು

ವಿಶೇಷ ಶಿಕ್ಷಕಿಯಾಗಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತಳಾದ ಮೇಲೆ, ಈ ಕೆಲಸಕ್ಕೆ ಹೊಸದಾಗಿ ಸೇರುವವರು ಆಗಾಗ ಇಂದಿರಾನಗರದ ನಮ್ಮ ಮನೆಗೆ ಬರುತ್ತಾರೆ. ಎಲ್ಲರೂ ಮೊದಲು ಕೇಳುವುದು ಒಂದೇ: "ತುಂಬಾ ತಾಳ್ಮೆ ಬೇಕಲ್ವಾ ಮೇಡಂ?" ಬೇಕು ಎನ್ನುತ್ತೇನೆ, ಕಾಫಿ ಕೊಟ್ಟು ಕಳಿಸುತ್ತೇನೆ. ಅದು ಪೂರ್ತಿ ಉತ್ತರವಲ್ಲ. ತಾಳ್ಮೆ ಬ್ಯಾಂಕಿನ ಕೌಂಟರಿನಲ್ಲೂ ಬೇಕು. ನಮಗೆ ಬೇಕಾದದ್ದು ಒಂದು ಬಗೆಯ ಭಯ. ಮಗು ನಾವು ಕಲಿಸಬೇಕೆಂದುಕೊಂಡದ್ದನ್ನು ಕಲಿಯುವುದಿಲ್ಲ, ನಾವು ಮಾಡಿಸಿದ್ದನ್ನು ಕಲಿಯುತ್ತದೆ ಎಂಬ ಭಯ. ನನಗೆ ಅದು ಸರ್ವಿಸಿನ ಹತ್ತೊಂಬತ್ತನೆಯ ವರ್ಷದಲ್ಲಿ ಬಂತು. ಬರುವುದು ತಡವಾಯಿತು. ಆದ್ದರಿಂದ ಬರೆದಿಡುತ್ತಿದ್ದೇನೆ.

ನಮ್ಮದು ಕಾರ್ಖಾನೆ ನೌಕರರ ಕಾಲೋನಿಯ ಮನೆ. ಮನಶ್ಶಾಸ್ತ್ರದಲ್ಲಿ ಬಿ.ಎ. ಮುಗಿಸಿ ವಿಶೇಷ ಶಿಕ್ಷಣದ ಡಿಪ್ಲೊಮಾಕ್ಕೆ ಸೇರುತ್ತೇನೆ ಎಂದಾಗ ಅಪ್ಪ ಫೀಸಿನ ದುಡ್ಡು ಎಣಿಸಿ ಕೊಟ್ಟರು. ಸೋದರತ್ತೆ ಮಾತ್ರ, "ಒಳ್ಳೇದೇ ಆಯ್ತು ಬಿಡು, ಆ ಮಕ್ಳು ಎದುರುತ್ತರ ಕೊಡಲ್ಲ" ಎಂದರು. ಕೆಲಸಕ್ಕೆ ಸೇರಿದ ಮೊದಲ ದಿನವೇ ಒಬ್ಬ ನನ್ನ ಮುಂಗೈ ಕಚ್ಚಿ ಉತ್ತರ ಕೊಟ್ಟ. ಗುರುತು ಈಗಲೂ ಇದೆ.

ಆ ಮೊದಲ ಶಾಲೆ ಶಿವಾಜಿನಗರದಲ್ಲಿ, ಟೈಲರ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿತ್ತು. ಕಲಿಸುವ ಸಾಮಗ್ರಿ ಎಂದರೆ ಒಂದು ಟ್ರಂಕಿನ ತುಂಬ ಪ್ಲಾಸ್ಟಿಕ್ ತರಕಾರಿ. ಇಮ್ತಿಯಾಜ್ ಎಂಬ ಒಂಬತ್ತು ವರ್ಷದ ಹುಡುಗ ನಾಲ್ಕು ತಿಂಗಳಲ್ಲಿ ಹದಿನಾಲ್ಕು ತರಕಾರಿಗಳನ್ನು ಗುರುತಿಸಲು ಕಲಿತ. ನನಗೆ ಹೆಮ್ಮೆ ತಡೆಯಲಾಗದೆ ಅವನನ್ನು ರಸೆಲ್ ಮಾರುಕಟ್ಟೆಗೆ ಕರೆದೊಯ್ದೆ. ಬದನೆಕಾಯಿಯ ರಾಶಿಯ ಮುಂದೆ ನಿಲ್ಲಿಸಿ, "ಬದನೆಕಾಯಿ ಎಲ್ಲಿದೆ, ತೋರ್ಸು" ಎಂದೆ. ಅವನು ರಾಶಿಯನ್ನು ನೋಡಿದ, ನನ್ನನ್ನು ನೋಡಿದ, ನನ್ನ ಹೆಗಲ ಚೀಲದ ಜಿಪ್ಪು ಎಳೆದು ಒಳಗಿದ್ದ ಪ್ಲಾಸ್ಟಿಕ್ ಬದನೆಕಾಯಿ ತೆಗೆದುಕೊಟ್ಟ. ವ್ಯಾಪಾರಿ ಅದನ್ನು ಇಸಿದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದ.

"ನಿಮ್ದು ಮಾಲು ಚೆನ್ನಾಗೈತೆ ಮೇಡಂ, ಕೊಳೆಯಲ್ಲ. ಆದ್ರೆ ಹುಡ್ಗ ಮನೇಲಿ ತಿನ್ನೋದು ನಮ್ದೇ ಅಲ್ವಾ?"

ಈ ಪ್ರಸಂಗವನ್ನು ನಾನು ಎಷ್ಟೋ ವರ್ಷ ತರಬೇತಿಗಳಲ್ಲಿ, ಮದುವೆ ಊಟದ ಪಂಕ್ತಿಗಳಲ್ಲಿ ಹೇಳಿ ನಗಿಸಿದ್ದೇನೆ. ಆ ವ್ಯಾಪಾರಿಯ ಮಾತಿನಲ್ಲಿ ಒಂದು ವರ್ಷದ ಪಠ್ಯಕ್ರಮವಿತ್ತು. ನಾನು ನಗುವನ್ನಷ್ಟೇ ತೆಗೆದುಕೊಂಡೆ.

ಎರಡನೆಯ ಶಾಲೆ ಕೆ.ಆರ್. ಪುರದ ಕಡೆ, ರೈಲು ಹಳಿಗೆ ಅಂಟಿಕೊಂಡ ಹಳೆಯ ಊರೊಂದರಲ್ಲಿತ್ತು. ದ್ರಾಕ್ಷಿ ಚಪ್ಪರಗಳಿದ್ದ ಜಾಗದಲ್ಲಿ ಆ ಹೊತ್ತಿಗೆ ಮೂರು ಮಹಡಿಯ ಬಾಡಿಗೆ ಮನೆಗಳು ಎದ್ದಿದ್ದವು. ನಮ್ಮ ಪ್ರಿನ್ಸಿಪಾಲರು ಕಾರ್ಖಾನೆಯೊಂದರ ಸಿಬ್ಬಂದಿ ವಿಭಾಗದಿಂದ ನಿವೃತ್ತರಾಗಿ ಬಂದವರು. ಅವರಿಗೆ ರಿಜಿಸ್ಟರುಗಳಲ್ಲಿ ನಂಬಿಕೆ. ಮಕ್ಕಳು ಕಚ್ಚಿದ್ದಕ್ಕೆ ಒಂದು ರಿಜಿಸ್ಟರು, ಕಚ್ಚಿಸಿಕೊಂಡಿದ್ದಕ್ಕೆ ಇನ್ನೊಂದು. ಒಂದೇ ಘಟನೆಯನ್ನು ಎರಡರಲ್ಲೂ ಬರೆಯಬೇಕು. ಗೇಟಿನ ಬಳಿ ರಟ್ಟಿನ ಮೇಲೆ ಕೆಂಪು ಶಾಯಿಯ ಒಂದು ಪಟ್ಟಿ ನೇತಾಡುತ್ತಿತ್ತು: 'ಓಡುವ ಮಕ್ಕಳು'. ಹೆಸರು ಆ ಪಟ್ಟಿಗೆ ಸೇರಿತೆಂದರೆ ಶಾಲೆಯ ಅವಧಿಯಲ್ಲಿ ಆ ಮಗು ಗೇಟಿನಾಚೆ ಕಾಲಿಡುವಂತಿಲ್ಲ. ಹೊರಗಿನ ಪಾಠವೂ ಇಲ್ಲ. ಪಟ್ಟಿಗೆ ಹೆಸರು ಸೇರಿದ್ದನ್ನು ಕಂಡಿದ್ದೇನೆ, ಅಲ್ಲಿಂದ ಇಳಿದದ್ದನ್ನು ಕಂಡಿಲ್ಲ.

ರೇವತಿ ಅಲ್ಲಿಗೆ ಬಂದಾಗ ಅವಳಿಗೆ ಹದಿನೈದು ವರ್ಷ. ಆಟಿಸಂ ಇತ್ತು. ಆರೇಳು ಪದ ಆಡುತ್ತಿದ್ದಳು, ಅವುಗಳಲ್ಲಿ ಮೂರು ತಿಂಡಿಯ ಹೆಸರು. ಅವಳ ತಾಯಿ ಮುನಿರತ್ನಮ್ಮ ಆ ಊರಿನ ಹಳೆಯ ಮನೆತನದವರು, ಗಂಡ ತೀರಿಕೊಂಡಿದ್ದರು. ಬೇರೆ ತಂದೆತಾಯಿಯರು ಮಗುವಿಗೆ ಮಾತು ಬರಲಿ, ಓದು ಬರಲಿ ಎಂದು ಬರೆದುಕೊಡುವ ಫಾರಂ ಅನ್ನು ಅವರು ಓದದೆ ಪಕ್ಕಕ್ಕಿಟ್ಟರು.

"ಎ ಬಿ ಸಿ ಡಿ ಬ್ಯಾಡ ಮೇಡಂ. ರೋಡ್ ದಾಟಿ ಒಂದ್ ಪ್ಯಾಕೆಟ್ ಹಾಲು ತಗೊಂಡ್ ಬರೋದ್ ಕಲ್ಸಿ, ಸಾಕು. ನಾನಿಲ್ದಿದ್ ದಿನ ಯಾರಾದ್ರೂ ತಂದ್ಕೊಡ್ಲಿ ಅಂತ ಇವ್ಳು ಬಾಗ್ಲಲ್ಲಿ ಕೂತ್ಕೋಬಾರ್ದು."

"ಅಂಥ ದಿನ ಯಾಕ್ ಬರುತ್ತಮ್ಮ" ಎಂದೆ ನಾನು, ಡಿಪ್ಲೊಮಾದಲ್ಲಿ ಕಲಿಸಿದ ಧ್ವನಿಯಲ್ಲಿ.

"ಎಲ್ರಿಗೂ ಬರುತ್ತಲ್ಲ ಮೇಡಂ. ನಿಮ್ ಕಾಲೋನೀಲಿ ಬರಲ್ವಾ?"

ಅವರ ಮನೆ ಮುಖ್ಯರಸ್ತೆಯ ಈ ಬದಿ, ಹಾಲಿನ ಬೂತು ಆ ಬದಿ. ನಡುವೆ ಲಾರಿ, ಬಸ್ಸು, ಟೆಂಪೊ. ನಾನು ಒಪ್ಪಿಕೊಂಡೆ.

ರಸ್ತೆ ದಾಟುವುದನ್ನು ನೇರ ರಸ್ತೆಯಲ್ಲೇ ಕಲಿಸಬಾರದು, ಮೊದಲು ಸುರಕ್ಷಿತ ಜಾಗದಲ್ಲಿ ಅಭ್ಯಾಸ ಮಾಡಿಸಬೇಕು ಎಂದು ನಮಗೆ ಹೇಳಿಕೊಟ್ಟಿದ್ದರು. ನಾನು ಶಾಲೆಯ ಅಂಗಳದ ಸಿಮೆಂಟ್ ನೆಲಕ್ಕೆ ಕಪ್ಪು ಬಣ್ಣ ಬಳಿಸಿ, ಅದರ ಮೇಲೆ ಬಿಳಿ ಪಟ್ಟೆ ಎಳೆಸಿ, ಅಚ್ಚುಕಟ್ಟಾದ ಝೀಬ್ರಾ ಕ್ರಾಸಿಂಗ್ ಮಾಡಿಸಿದೆ. ನಮ್ಮ ಆಯಾ ಸೆಲ್ವಿ, ಮರ್ಫಿ ಟೌನಿನಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದವಳು, ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿದಳು.

"ಚೆನ್ನಾಗಿದೆ ಮೇಡಂ. ಆದ್ರೆ ಇಂಥ ರೋಡು ಈ ಕಡೆ ಎಲ್ಲಿದೆ?"

"ಕಲಿಯೋಕೆ ಇದು, ಸೆಲ್ವಿ."

"ಸರಿ ಮೇಡಂ. ಒರೆಸೋದು ನಾನೇ ತಾನೇ."

ಪಾಠ ಹೀಗಿತ್ತು. ಪಟ್ಟೆಯ ಅಂಚಿಗೆ ಬಂದು ನಿಲ್ಲಬೇಕು. ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ ನೋಡಬೇಕು. ನಾನು 'ನಡಿ' ಎಂದರೆ ನಡೆಯಬೇಕು. ಅವಳು ಪಕ್ಕಕ್ಕೆ ಸರಿಯದಿರಲೆಂದು ಹೆಜ್ಜೆಯನ್ನು ಬಿಳಿಯ ಮೇಲೆ ಮಾತ್ರ ಇಡಿಸಿದೆ. ಇದು ನನ್ನ ಸ್ವಂತ ಸುಧಾರಣೆ. ನಡುವೆ ಯಾವಾಗಲಾದರೂ ನಾನು 'ನಿಲ್ಲು' ಎಂದರೆ ಇದ್ದಲ್ಲೇ ನಿಲ್ಲಬೇಕು, ಅಲುಗಾಡಬಾರದು. ಕೊನೆಯಲ್ಲಿ ನಾನು ಆಚೆ ಬದಿಯ ಕಲ್ಲು ಬೆಂಚಿನ ಮೇಲೆ ಕೂತು ಪಕ್ಕದ ಜಾಗವನ್ನು ತಟ್ಟುತ್ತಿದ್ದೆ. ಅವಳು ಬಂದು ಕೂತು, ನನ್ನ ಎಡಗೈ ಹಿಡಿದು, ಗಾಜಿನ ಬಳೆಗಳನ್ನು ಮುಂಗೈಯಿಂದ ಮೇಲಕ್ಕೆ ಒಂದೊಂದಾಗಿ ಜರುಗಿಸುತ್ತಿದ್ದಳು. ಹನ್ನೊಂದು ಬಳೆ. ಅದೇ ಬಹುಮಾನ. ಬಿಸ್ಕತ್ತಿಗಿಂತ ಅವಳಿಗೆ ಅದೇ ಇಷ್ಟ.

ಆರು ತಿಂಗಳಲ್ಲಿ ಅವಳು ಇದನ್ನು ತಪ್ಪಿಲ್ಲದೆ ಮಾಡತೊಡಗಿದಳು. ಪ್ರಿನ್ಸಿಪಾಲರು ಅತಿಥಿಗಳು ಬಂದಾಗಲೆಲ್ಲ ಅವಳನ್ನು ದಾಟಿಸಿ ತೋರಿಸುತ್ತಿದ್ದರು. ಅತಿಥಿಗಳು ಚಪ್ಪಾಳೆ ತಟ್ಟುತ್ತಿದ್ದರು. ಇನ್ನು ನಿಜವಾದ ರಸ್ತೆಗೆ ಹೋಗಬಹುದು ಎಂದು ಫೈಲಿನಲ್ಲಿ ಬರೆದೆ.

ಒಂದು ಬುಧವಾರ ಬೆಳಿಗ್ಗೆ ಹತ್ತರ ಸುಮಾರಿಗೆ ನಾನು, ರೇವತಿ, ಸೆಲ್ವಿ ಹೊರಟೆವು. ಶಾಲೆಯಿಂದ ಮುಖ್ಯರಸ್ತೆಗೆ ಹೋಗಲು ಹಳಿ ದಾಟಬೇಕಿತ್ತು. ಮೇಲ್ಸೇತುವೆ ದೂರವಿತ್ತು. ಗೋಡೆ ಒಡೆದಿದ್ದ ಒಂದು ಜಾಗದಲ್ಲಿ ಊರಿಗೆ ಊರೇ ದಾಟುತ್ತಿತ್ತು, ನಾವೂ ದಾಟುತ್ತಿದ್ದೆವು. ಅದು ತಪ್ಪೆಂದು ಎಲ್ಲರಿಗೂ ಗೊತ್ತಿತ್ತು, ಎಲ್ಲರಿಗೂ ಗೊತ್ತಿದ್ದದ್ದೇ ಒಂದು ಧೈರ್ಯ. ನನ್ನ ಲೆಕ್ಕದಲ್ಲಿ ಹಳಿ ಪಾಠದ ಭಾಗವಾಗಿರಲಿಲ್ಲ. ಅಲ್ಲಿ ಅವಳ ಕೈ ಹಿಡಿದು ದಾಟಿಸುವುದು, ಪಾಠ ಆಮೇಲೆ ರಸ್ತೆಯಲ್ಲಿ ಶುರು.

ಗೋಡೆಯ ಬಳಿ ಸೆಲ್ವಿಯ ಚಪ್ಪಲಿಯ ಬಾರು ಕಿತ್ತು, ಅವಳು ಹಿಂದುಳಿದಳು. ನಾನೂ ರೇವತಿಯೂ ಮುಂದೆ ಹೋದೆವು. ಹಳಿಯ ಅಂಚಿಗೆ ಬಂದಾಗ ರೇವತಿ ತಾನಾಗಿ ನಿಂತಳು. ಯಾರೂ ಹೇಳದೆ ಬಲಕ್ಕೆ ನೋಡಿದಳು, ಎಡಕ್ಕೆ ನೋಡಿದಳು, ಮತ್ತೆ ಬಲಕ್ಕೆ ನೋಡಿದಳು. ಅಂಗಳದ ಹೊರಗೆ ಅವಳು ಹಾಗೆ ಮಾಡಿದ್ದು ಅದೇ ಮೊದಲು. ನನ್ನ ಬಳಿ ದಾಖಲೆಯ ಹಾಳೆಯಿತ್ತು. ಅವಳ ಕೈ ಬಿಟ್ಟು, ಪೆನ್ಸಿಲ್ ತೆಗೆದು, 'ಸಹಾಯವಿಲ್ಲದೆ' ಎಂಬ ಕಲಮಿನ ಎದುರು ಗುರುತು ಹಾಕಿದೆ.

ತಲೆ ಎತ್ತಿದಾಗ ಅವಳು ಹಳಿಯ ನಡುವೆ ಇದ್ದಳು. ದಾಟುತ್ತಿರಲಿಲ್ಲ. ಹಳಿಯ ಉದ್ದಕ್ಕೂ ನಡೆಯುತ್ತಿದ್ದಳು. ಕಪ್ಪು ಜಲ್ಲಿಯ ನಡುವೆ ಸಾಲಾಗಿ ಮಲಗಿದ್ದ ಬಿಳಿಚು ಕಾಂಕ್ರೀಟ್ ಸ್ಲೀಪರು ತೊಲೆಗಳ ಮೇಲೆ, ಒಂದಕ್ಕೆ ಒಂದು ಹೆಜ್ಜೆ, ಜಲ್ಲಿಗೆ ಕಾಲು ತಾಗಿಸದೆ. ಅಂಗಳದಲ್ಲೂ ಅವಳು ಅಷ್ಟು ಚೆನ್ನಾಗಿ ನಡೆದಿರಲಿಲ್ಲ. ಅವಳ ಪಾಲಿಗೆ ಅದು ನಾನು ಬಳಿಸಿದ ಪಟ್ಟೆಗಳೇ, ಮುಗಿಯದಷ್ಟು ಉದ್ದಕ್ಕೆ.

ಆಗ ಕೆ.ಆರ್. ಪುರದ ಕಡೆಯಿಂದ ಹಾರನ್ ಕೇಳಿಸಿತು. ಅವಳು ಅದೇ ಕಡೆಗೆ ನಡೆಯುತ್ತಿದ್ದಳು.

"ನಿಲ್ಲು" ಎಂದು ಕೂಗಿದೆ. ನಿಂತಳು.

ನಾನು ಕಲಿಸಿದ್ದರಲ್ಲಿ ಅತ್ಯಂತ ಗಟ್ಟಿಯಾಗಿ ಕೂತದ್ದು ಆ ಒಂದು ಪದ. ಎರಡೂ ಕಾಲು ಜೋಡಿಸಿ, ಕೈ ಇಳಿಬಿಟ್ಟು, ಹಳಿಯ ನಟ್ಟನಡುವೆ ನಿಂತಳು. ಆಚೆ ಬದಿಯಲ್ಲಿ ಇಬ್ಬರು ಗಂಡಸರು "ಏಯ್, ಬಾರಮ್ಮ ಈ ಕಡೆ" ಎಂದು ಕೂಗುತ್ತಿದ್ದರು. 'ಬಾ' ನಮ್ಮ ಪಾಠದಲ್ಲಿ ಇರಲಿಲ್ಲ. ಇದ್ದದ್ದು 'ನಡಿ'. ಹಾಗೆಂದರೆ ಅವಳು ಬಿಳಿಯ ಮೇಲೆ ಮುಂದಕ್ಕೆ, ರೈಲಿನ ಕಡೆಗೆ ನಡೆಯುತ್ತಾಳೆ. ಹಿಡಿದು ಎಳೆಯೋಣವೆಂದರೆ, ಯಾರಾದರೂ ತಟ್ಟನೆ ಹಿಡಿದರೆ ಅವಳು ಕುಸಿದು ಕೂತುಬಿಡುತ್ತಾಳೆ, ಇಬ್ಬರು ಸೇರಿದರೂ ಎತ್ತಲಾಗುವುದಿಲ್ಲ. ಅದು ಅವಳ ಫೈಲಿನ ಮೊದಲ ಪುಟದಲ್ಲೇ ಇತ್ತು, ನನ್ನದೇ ಅಕ್ಷರದಲ್ಲಿ.

ಇದನ್ನೆಲ್ಲ ಯೋಚಿಸಿದೆನೆಂದು ಈಗ ಬರೆಯುತ್ತಿದ್ದೇನೆ. ಆಗ ಯೋಚಿಸಲಿಲ್ಲ. ಜಲ್ಲಿಯ ಮೇಲೆ ಎಡವುತ್ತ ಅವಳ ಸರಿಸಮಕ್ಕೆ ಓಡಿದೆ, ಹಳಿಯಿಂದ ಏಳೆಂಟು ಹೆಜ್ಜೆ ಈಚೆ ನಿಂತೆ, ಕೂತೆ. ಪಕ್ಕದ ನೆಲ ತಟ್ಟಿ, ಎಡಗೈ ಚಾಚಿದೆ.

"ಮೇಡಂ, ಯಾಕ್ ಕೂತ್ರಿ? ಎದ್ದೇಳ್ರೀ, ಎದ್ದೇಳಿ" ಎಂದು ಸೆಲ್ವಿ ಒಂದು ಕಾಲಿನ ಚಪ್ಪಲಿಯಲ್ಲಿ ಓಡಿ ಬರುತ್ತಿದ್ದಳು. ಆಚೆ ಬದಿಯವನೊಬ್ಬ, "ಆ ಯಮ್ಮ ತಲೆ ಸುತ್ತಿ ಬಿದ್ಲು ಗುರು" ಎಂದದ್ದೂ ಕೇಳಿಸಿತು.

ರೇವತಿ ಓರೆಗಣ್ಣಿನಲ್ಲಿ ನನ್ನನ್ನು ನೋಡಿದಳು. ಪಾಠ ಮುಗಿದಿದೆ ಎಂದು ಅವಳಿಗೆ ತಿಳಿಯಿತು. ಸ್ಲೀಪರಿನಿಂದ ಇಳಿದು, ಅವಸರವಿಲ್ಲದೆ ಬಂದು, ಲಂಗ ಸರಿಮಾಡಿಕೊಂಡು ನನ್ನ ಪಕ್ಕ ಕೂತಳು. ಮೊದಲ ಬಳೆ ಜರುಗಿಸುವಾಗ ಎಂಜಿನ್ ನಮ್ಮ ಮುಂದೆ ಹಾದುಹೋಯಿತು. ಜಲ್ಲಿಯ ಧೂಳು ಬಾಯಿಗೆ ಬಂತು. ಎಷ್ಟು ಬೋಗಿಯ ರೈಲೋ ತಿಳಿಯದು. ಹನ್ನೊಂದನೆಯ ಬಳೆ ಮೇಲೆ ಹೋಗುವ ಮೊದಲೇ ಅದು ಮುಗಿದಿತ್ತು.

ಈ ಭಾಗವನ್ನು ನಾನು ಈಗಲೂ ದಿನಕ್ಕೊಮ್ಮೆಯಾದರೂ ಮನಸ್ಸಿನಲ್ಲಿ ನೋಡುತ್ತೇನೆ. ಹುರುಳಿಕಾಯಿ ಬಿಡಿಸುವಾಗ, ಹಲಸೂರಿಗೆ ಹೋಗುವ ಬಸ್ಸಿನಲ್ಲಿ ಕೂತಾಗ. ಕೆಲವು ಸಲ ನನ್ನ ಕೈಯಲ್ಲಿ ಪೆನ್ಸಿಲ್ ಇರುವುದಿಲ್ಲ. ಕೆಲವು ಸಲ ಬಳೆ ಹಾಕಿಕೊಂಡಿರುವುದಿಲ್ಲ. ಎರಡನೆಯದು ಬಂದಾಗ ಬಸ್ಸಿನಿಂದ ಇಳಿದುಬಿಡುತ್ತೇನೆ.

ಶಾಲೆಗೆ ಮರಳಿದಾಗ ಸುದ್ದಿ ನಮಗಿಂತ ಮೊದಲೇ ತಲುಪಿತ್ತು. ಪ್ರಿನ್ಸಿಪಾಲರು ರಿಜಿಸ್ಟರಿನಲ್ಲಿ ಒಂದು ಸಾಲು ಬರೆದಿಟ್ಟಿದ್ದರು: 'ವಿದ್ಯಾರ್ಥಿನಿ ಶಿಕ್ಷಕಿಯ ಕೈ ಬಿಡಿಸಿಕೊಂಡು ಹಳಿಯ ಕಡೆ ಓಡಿದಳು. ಶಿಕ್ಷಕಿಯ ಸಮಯಪ್ರಜ್ಞೆಯಿಂದ ಪಾರು.' ಕೆಂಪು ಶಾಯಿಯ ಪೆನ್ನು ಮುಚ್ಚಳ ತೆಗೆದು ಮೇಜಿನ ಮೇಲಿತ್ತು.

"ಇಲ್ಲಿ ಒಂದ್ ಸೈನ್ ಹಾಕಿ ಮೇಡಂ."

"ಅವಳು ಓಡ್ಲಿಲ್ಲ ಸರ್. ಕೈ ಬಿಟ್ಟಿದ್ದು ನಾನು."

"ಅದು ನಮ್ಮಿಬ್ಬರಿಗೆ ಗೊತ್ತಲ್ಲ, ಸಾಕು. ಈ ರಿಜಿಸ್ಟರ್ ಯಾರೂ ಓದಲ್ಲ."

"ಯಾರೂ ಓದಲ್ಲ ಅಂದ್ರೆ ಸರಿಯಾಗೇ ಬರೀಬಹುದಲ್ಲ ಸರ್."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಓದಿದ್ರೆ?" ಎಂದರು.

ಓಡಿದಳು ಎಂಬ ಆ ಒಂದು ಪದಕ್ಕೆ ನಾನು ಸಹಿ ಹಾಕಿದ್ದರೆ ನನ್ನ ಕೆಲಸ ಭದ್ರ, ಅವಳ ಹೆಸರು ಗೇಟಿನ ರಟ್ಟಿನ ಮೇಲೆ. ಹಾಲಿನ ಬೂತು ಅಲ್ಲಿಗೆ ಮುಗಿಯುತ್ತಿತ್ತು. ನಾನು ದೊಡ್ಡ ಧೈರ್ಯವಂತೆಯೇನಲ್ಲ. ನೀರು ಕುಡಿದು ಬರುತ್ತೇನೆಂದು ಹೊರಗೆ ಹೋಗಿ ಸ್ವಲ್ಪ ಹೊತ್ತು ನಿಂತೆ. ಅಂಗಳದಲ್ಲಿ ಸೆಲ್ವಿ ಆ ಪಟ್ಟೆಗಳನ್ನು ಒರೆಸುತ್ತಿದ್ದಳು. ಒಳಗೆ ಬಂದು ಅವರ ಸಾಲು ಹೊಡೆದುಹಾಕಿ ಕೆಳಗೆ ಬರೆದೆ: 'ಓಡಲಿಲ್ಲ. ನಾನು ಕಲಿಸಿದಂತೆ ನಡೆದಳು. ಕಲಿಸಿದ್ದು ತಪ್ಪಾಗಿತ್ತು. ಕೈ ಬಿಟ್ಟವಳು ನಾನು.' ಪ್ರಿನ್ಸಿಪಾಲರು ಓದಿ, ಕೆಂಪು ಪೆನ್ನಿನ ಮುಚ್ಚಳ ಹಾಕಿದರು. ನನಗೆ ಒಂದು ಮೆಮೊ ಕೊಟ್ಟರು. ಅದಕ್ಕೂ ಒಂದು ರಿಜಿಸ್ಟರು ಇತ್ತು.

ಆದರೆ ಮುನಿರತ್ನಮ್ಮ ಮಗಳನ್ನು ಶಾಲೆಗೆ ಕಳಿಸುವುದನ್ನು ನಿಲ್ಲಿಸಿದರು. ಮೂರು ವಾರ ಕಾದು, ನಾನೇ ಅವರ ಮನೆಗೆ ಹೋದೆ. ಹೊರಬಾಗಿಲಿಗೆ ಬೀಗ ಇತ್ತು, ಒಳಗಿನಿಂದ. ಅವರು ಕೀಲಿ ತಂದು ತೆಗೆದರು, ಕೂರಿಸಿದರು. ನಾನು ಬಳಿಸಿದ ಪಟ್ಟೆಯಿಂದ ಹಿಡಿದು ಪೆನ್ಸಿಲಿನವರೆಗೆ ಎಲ್ಲವನ್ನೂ ಹೇಳಿದೆ. ಬೈಗುಳಕ್ಕೆ ಸಿದ್ಧಳಾಗಿದ್ದೆ.

"ಹಂಗಾದ್ರೆ ನಮ್ಮುಡ್ಗಿ ಓಡೋಗ್ಲಿಲ್ಲ?"

"ಇಲ್ಲಮ್ಮ."

"ನೀವ್ ಹೇಳ್ಕೊಟ್ಟಂಗೇ ಮಾಡಿದ್ಲು?"

"ಹೌದು. ಒಂದ್ ಹೆಜ್ಜೆನೂ ತಪ್ಪಲಿಲ್ಲ."

"ಅಂದ್ರೆ ಕಲೀತಾಳೆ ಅಂತಾಯ್ತಲ್ಲ ಮೇಡಂ." ಅವರು ಎದ್ದು ಬೀಗವನ್ನು ಮೊಳೆಗೆ ನೇತುಹಾಕಿದರು. "ನಾಳೆಯಿಂದ ಸರಿಯಾಗ್ ಹೇಳ್ಕೊಡಿ."

ಅಂಗಳದ ಪಟ್ಟೆಗಳ ಮೇಲೆ ಸಿಮೆಂಟ್ ಬಳಿಸಿದೆ. ಗೋಡೆಯ ಆ ಕಂಡಿಯ ಕಡೆ ಮತ್ತೆ ಹೋಗಲಿಲ್ಲ. ಮೇಲ್ಸೇತುವೆ ಹತ್ತಿ ಇಳಿದು ದಿನಾ ಬೆಳಿಗ್ಗೆ ನಾನೇ ಅವರ ಮನೆಯ ಮುಂದಿನ ರಸ್ತೆಗೆ ಹೋದೆ, ಮೊದಲ ಎರಡು ವಾರ ಒಬ್ಬಳೇ, ಬರೀ ನೋಡುವುದಕ್ಕೆ. ಅಲ್ಲಿ ಝೀಬ್ರಾ ಪಟ್ಟೆ ಇರಲೇ ಇಲ್ಲ. ಸೆಲ್ವಿ ಮೊದಲ ದಿನವೇ ಹೇಳಿದ್ದಳು. ಜನ ದಾಟುವ ಕ್ರಮ ಬೇರೆಯೇ ಇತ್ತು: ನಾಲ್ಕು ಜನ ಸೇರುವವರೆಗೆ ಕಾಯುವುದು, ಅವರಲ್ಲಿ ಒಬ್ಬ ಹೆಂಗಸು ಕೈ ಚಾಚಿ ಇಳಿದರೆ ಉಳಿದವರು ಅವಳ ಮಗ್ಗುಲಲ್ಲಿ ಇಳಿಯುವುದು.

ಅದನ್ನೇ ಕಲಿಸಿದೆ. ಚೀಲ ಹಿಡಿದ ಹೆಂಗಸಿನ ಪಕ್ಕ ನಿಲ್ಲು, ಅವರು ನಡೆದರೆ ನಡಿ. ಎರಡನೆಯ ತಿಂಗಳು ರೇವತಿ ಹಾಗೆ ಒಬ್ಬರ ಜೊತೆ ದಾಟಿ, ಬೂತನ್ನು ಹಾದು, ಅವರ ಮನೆಯವರೆಗೂ ಹೋದಳು. ನಾನು ಹತ್ತು ಹೆಜ್ಜೆ ಹಿಂದೆಯೇ ಇದ್ದೆ. ತಡೆಯಲಿಲ್ಲ, ಎಲ್ಲಿಗೆ ಹೋಗುತ್ತಾಳೆ ಎಂಬುದು ನನಗೆ ಬೇಕಿತ್ತು. ಆ ಹೆಂಗಸು ಬಾಗಿಲಲ್ಲಿ ತಿರುಗಿ ನೋಡಿದರು.

"ಯಾರ್ ಮಗಳಮ್ಮ ನೀನು ಅಂದೆ, ಚಕ್ಲಿ ಅಂತಾಳಲ್ಲ ಇವ್ಳು?"

ಅವರು ಒಳಗೆ ಹೋಗಿ ಎರಡು ಚಕ್ಕುಲಿ ತಂದುಕೊಟ್ಟರು. ಹೀಗಾಗಿ ಇನ್ನೂ ಒಂದು ವಾರ ರೇವತಿ ಅವರ ಮನೆಗೇ ಹೋದಳು.

ಆಗ ನನಗೆ ಅರ್ಥವಾದದ್ದು ಇಷ್ಟು. ಹಳಿಯ ಮೇಲೆ ಅವಳನ್ನು ಉಳಿಸಿದ್ದು ದಾಟುವ ಪಾಠವಲ್ಲ, ಬಂದು ಕೂತು ಮುಗಿಸುವ ಪಾಠ. ಆದ್ದರಿಂದ ಎಲ್ಲವನ್ನೂ ತಲೆಕೆಳಗು ಮಾಡಿದೆ. ಮೊದಲು ಹಾಲಿನ ಪ್ಯಾಕೆಟ್ಟನ್ನು ಅಮ್ಮನ ಕೈಗೆ ಕೊಡುವುದು, ಅದೊಂದೇ, ಒಂದು ತಿಂಗಳು. ಆಮೇಲೆ ಮೆಟ್ಟಿಲು ಹತ್ತಿ ಕೊಡುವುದು. ಆಮೇಲೆ ರಸ್ತೆಯ ಈ ಬದಿಯಿಂದ. ಆಮೇಲೆ ಬೂತಿನಿಂದ. ಮನೆಯಿಂದ ಹೊರಡುವುದು ಎಲ್ಲಕ್ಕಿಂತ ಕೊನೆಗೆ. ಈಗಿನ ಡಿಪ್ಲೊಮಾದಲ್ಲಿ ಇದಕ್ಕೆ ಹೆಸರಿದೆ, ಪರೀಕ್ಷೆಗೂ ಬರುತ್ತದೆ. ನನ್ನ ಪುಸ್ತಕದಲ್ಲೂ ಇತ್ತು. ನಾನು ಅಂಡರ್‌ಲೈನ್ ಕೂಡ ಮಾಡಿದ್ದೆ.

ಒಂದು ವರ್ಷ ಎಂಟು ತಿಂಗಳು ಹಿಡಿಯಿತು.

ಅವಳು ಒಬ್ಬಳೇ ಹೊರಟ ದಿನ ನಾನೂ ಮುನಿರತ್ನಮ್ಮನೂ ಅವರ ಮನೆಯ ತಾರಸಿಯ ಮೇಲೆ ನಿಂತು ನೋಡಿದೆವು. ಅಲ್ಲಿಂದ ಮುಂದೆ ರಸ್ತೆ ಕಾಣುತ್ತದೆ, ಹಿಂದೆ ಹಳಿ. ರೇವತಿ ಕೈಯಲ್ಲಿ ಚೀಲ ಹಿಡಿದು ಗೇಟು ದಾಟಿದಳು. ಹೂವಿನ ಬುಟ್ಟಿಯವಳೊಬ್ಬಳ ಪಕ್ಕ ನಿಂತಳು. ಒಂದು ಬಸ್ಸು ಹೋಯಿತು, ಎರಡು ಟೆಂಪೊ ಹೋದವು. ಹೂವಿನವಳು ಇಳಿದಳು, ರೇವತಿಯೂ ಇಳಿದಳು. ಮುನಿರತ್ನಮ್ಮ ಪ್ಯಾರಪೆಟ್ ಹಿಡಿದುಕೊಂಡು ಏನನ್ನೋ ಬಾಯೊಳಗೇ ಹೇಳಿಕೊಳ್ಳುತ್ತಿದ್ದರು.

ಆ ಹೊತ್ತಿಗೆ ಬೆನ್ನ ಹಿಂದೆ ರೈಲಿನ ಹಾರನ್ ಆಯಿತು.

ಆಮೇಲಿನದನ್ನು ನಾನು ನೋಡಲಿಲ್ಲ. ಯಾವಾಗ ಕೂತೆನೋ ನನಗೆ ತಿಳಿಯದು. ತಾರಸಿಯ ನೆಲದ ಮೇಲೆ, ಒಣಹಾಕಿದ್ದ ಮೆಣಸಿನಕಾಯಿಯ ಪಕ್ಕ, ಆ ಬುಧವಾರದಂತೆಯೇ ಎಡಗೈ ಚಾಚಿಕೊಂಡು ಕೂತಿದ್ದೆ.

"ಮೇಡಂ, ಏನಾಯ್ತ್ರೀ? ನೀರ್ ತರ್ಲಾ?" ಎಂದು ಮುನಿರತ್ನಮ್ಮ ಬಗ್ಗಿದರು. ಮಗಳನ್ನು ನೋಡುವುದೋ ನನ್ನನ್ನು ನೋಡುವುದೋ ಅವರಿಗೆ ತಿಳಿಯುತ್ತಿರಲಿಲ್ಲ. "ಅವಳನ್ನ ನೋಡಿ" ಎಂದೆ.

ರೈಲು ಹೋಯಿತು. ಸ್ವಲ್ಪ ಹೊತ್ತಿನಲ್ಲಿ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ರೇವತಿ ಬಂದಳು, ಚೀಲದಿಂದ ಹಾಲಿನ ಪ್ಯಾಕೆಟ್ ತೆಗೆದು ಅಮ್ಮನ ಕೈಗೆ ಕೊಟ್ಟಳು. ಅಲ್ಲಿಗೆ ನಾನು ಕಲಿಸಿದ್ದು ಮುಗಿದಿತ್ತು. ಅವಳು ಕೆಳಗಿಳಿಯಬೇಕಿತ್ತು.

ಅವಳು ನಾನು ಕೂತಿದ್ದನ್ನು ನೋಡಿದಳು. ಬಂದು, ಮೆಣಸಿನಕಾಯಿಗೆ ಕಾಲು ತಾಗದಂತೆ ಜಾಗ ಮಾಡಿಕೊಂಡು ಪಕ್ಕ ಕೂತಳು. ಕೈ ಹಿಡಿದು ಒಂದೊಂದೇ ಬಳೆ ಜರುಗಿಸಿದಳು. ನಾಲ್ಕನೆಯದು ಕೆಳಗೆ ಜಾರಿತು, ಅದನ್ನು ಮತ್ತೆ ಮೇಲಕ್ಕೆ ಏರಿಸಿದಳು. ಹನ್ನೊಂದೂ ಮುಗಿದ ಮೇಲೆ ಕೈಯನ್ನು ನನ್ನ ಮಡಿಲಿಗೆ ವಾಪಸ್ ಇಟ್ಟು, ಎದ್ದು, ಕೆಳಗೆ ಹೋದಳು.

"ಕಾಫಿ ಮಾಡ್ತೀನಿ" ಎಂದರು ಮುನಿರತ್ನಮ್ಮ. ಅವರೂ ಹೋದರು, ಪ್ಯಾಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು.

ನಾನು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದೆ. ಎದ್ದೇಳಲು ಯಾರಾದರೂ ಹೇಳುತ್ತಾರೇನೋ ಎಂದು ಕಾಯುತ್ತಿದ್ದೆ.